ಬೈಕಿನ ಹಿಂದಿನ ಚಕ್ರ ಮನೆಯಲ್ಲೇ ಬಿಚ್ಚುವುದು, ಮತ್ತೆ ಸರಿಯಾಗಿ ಕೂರಿಸುವುದು

ನಮ್ಮ ಸದಸ್ಯರಲ್ಲಿ ಬಹಳ ಮಂದಿ ಹಾಲನ್ನು ಸಂಘಕ್ಕೆ ತರುವುದು ಬೈಕಿನಲ್ಲಿ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ಎರಡು ಕಡೆ 20 ಲೀಟರಿನ ಕ್ಯಾನ್ ತೂಗುಹಾಕಿದರೆ ಹಾಲೇ 41 ಕೆ.ಜಿ. ದಾಟುತ್ತದೆ, ಕ್ಯಾನಿನ ತೂಕ ಬೇರೆ. ಈ ಭಾರದ ಹೆಚ್ಚಿನ ಪಾಲು ಬೀಳುವುದು ಹಿಂದಿನ ಚಕ್ರದ ಮೇಲೆ. ಹೀಗಾಗಿ ಪಂಕ್ಚರ್ ಆಗುವುದು, ಬ್ರೇಕ್ ಲೈನರ್ ಸವೆಯುವುದು ಹೆಚ್ಚಾಗಿ ಅಲ್ಲೇ.

ಬೆಳಿಗ್ಗೆ ಹೊರಡುವಾಗ ಟೈರ್ ಕೂತಿದ್ದರೆ ಮೊದಲು ಹಾಲಿನ ದಾರಿ ನೋಡಿ. ಅಕ್ಕಪಕ್ಕದವರ ಗಾಡಿಯಲ್ಲಿ ಕಳುಹಿಸಿಬಿಡಿ; ಕರೆದ ಹಾಲು ತಣ್ಣಗಾಗದೆ ಕಾಯುವಂತಿಲ್ಲ. ಆಮೇಲೆ ನಿಧಾನವಾಗಿ ಚಕ್ರ ಬಿಚ್ಚಿ, ಚಕ್ರವನ್ನಷ್ಟೇ ಪಂಕ್ಚರ್ ಅಂಗಡಿಗೆ ಒಯ್ಯಿರಿ. ಗಾಳಿಯಿಲ್ಲದ ಟೈರಿನ ಮೇಲೆ ಗಾಡಿಯನ್ನು ದೂರ ತಳ್ಳಿದರೆ ಒಳಗಿನ ಟ್ಯೂಬ್ ಮಡಚಿ ಹರಿಯುತ್ತದೆ, ಒಂದು ತೇಪೆಗೆ ಮುಗಿಯುವ ಕೆಲಸಕ್ಕೆ ಹೊಸ ಟ್ಯೂಬೇ ಬೇಕಾಗುತ್ತದೆ. ಟ್ಯೂಬ್‌ಲೆಸ್ ಟೈರ್ ಇದ್ದವರಿಗೆ ಸಾಮಾನ್ಯ ಮೊಳೆ ಪಂಕ್ಚರಿಗೆ ಚಕ್ರ ಬಿಚ್ಚುವ ಅಗತ್ಯವೇ ಇಲ್ಲ.

ಇಲ್ಲಿ ಹೇಳುವುದು ಹಳ್ಳಿಗಳಲ್ಲಿ ಹೆಚ್ಚಾಗಿ ಓಡುವ 100ರಿಂದ 125 ಸಿಸಿ ಬೈಕುಗಳ ವಿಷಯ: ಎಡಗಡೆ ಚೈನು, ಬಲಗಡೆ ಡ್ರಮ್ ಬ್ರೇಕ್ ಇರುವಂಥವು. ಹಿಂದೆ ಡಿಸ್ಕ್ ಬ್ರೇಕ್ ಇರುವ ಗಾಡಿಗಳ ಕ್ರಮ ಬೇರೆ.

ಬಿಚ್ಚುವ ಮೊದಲು

ಕ್ಯಾನು, ಕ್ಯಾನಿನ ಸ್ಟ್ಯಾಂಡು, ಹಗ್ಗ ಎಲ್ಲ ಇಳಿಸಿ. ಸೈಲೆನ್ಸರ್ ಬಿಸಿಯಿದ್ದರೆ ಆರಲು ಬಿಡಿ. ಸಗಣಿ ಸಾರಿಸಿದ ಅಂಗಳದಲ್ಲೋ ಹಸಿ ಮಣ್ಣಿನಲ್ಲೋ ಡಬಲ್ ಸ್ಟ್ಯಾಂಡ್ ಹೂತು ಗಾಡಿ ಒರಗುತ್ತದೆ, ಆದ್ದರಿಂದ ಸ್ಟ್ಯಾಂಡಿನ ಕೆಳಗೆ ಅಗಲವಾದ ಗಟ್ಟಿ ಹಲಗೆ ಇಡಿ. ಹಲಗೆಯಿಂದ ಗಾಡಿ ಒಂದಿಷ್ಟು ಎತ್ತರವಾಗಿ ಚಕ್ರ ಹೊರಗೆ ಬರಲೂ ಸಲೀಸು. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಒಬ್ಬರು ಹ್ಯಾಂಡಲ್ ಹಿಡಿದುಕೊಂಡಿದ್ದರೆ ಇನ್ನೂ ಒಳ್ಳೆಯದು. ಮಕ್ಕಳು, ಕರುಗಳು ಹತ್ತಿರ ಸುಳಿಯದಿರಲಿ.

ಆಕ್ಸಲ್ ನಟ್ ತುಂಬ ಬಿಗಿಯಾಗಿದ್ದರೆ ಗಾಡಿ ಡಬಲ್ ಸ್ಟ್ಯಾಂಡಿನ ಮೇಲಿರುವಾಗ ಜಗ್ಗಾಡಬೇಡಿ, ಸ್ಟ್ಯಾಂಡ್ ಜಾರುತ್ತದೆ. ಚಕ್ರ ನೆಲದ ಮೇಲಿರುವಾಗಲೇ, ಒಬ್ಬರು ಗಾಡಿ ಹಿಡಿದುಕೊಂಡು, ಅರ್ಧ ಸುತ್ತು ಸಡಿಲಿಸಿ ನಂತರ ಸ್ಟ್ಯಾಂಡ್ ಹಾಕಿ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ನಟ್ಟಿನ ಮೇಲೆ ನಾಲ್ಕು ಹನಿ ಎಣ್ಣೆ ಬಿಡಿ. ಬ್ರೇಕಿನ ಕಡೆ ಹರಿಯದಂತೆ ಮಾತ್ರ ನೋಡಿಕೊಳ್ಳಿ.

ಬಿಚ್ಚುವ ಕ್ರಮ

ಮೊದಲು ಬಲಗಡೆ ಬ್ರೇಕ್ ರಾಡಿನ ತುದಿಯ ನಟ್ ಬಿಚ್ಚಿ. ಅಲ್ಲಿರುವ ಸ್ಪ್ರಿಂಗ್ ಮತ್ತು ದುಂಡನೆಯ ಸಣ್ಣ ಪಿನ್ ಕಳೆಯದಂತೆ ಮತ್ತೆ ರಾಡಿಗೇ ಪೋಣಿಸಿ ನಟ್ ಹಾಕಿಬಿಡಿ.

ನಂತರ ಟಾರ್ಕ್ ರಾಡ್. ಬ್ರೇಕ್ ಪ್ಲೇಟಿನಿಂದ ಚಕ್ರ ಹಿಡಿದಿರುವ ಕಬ್ಬಿಣದ ತೋಳಿಗೆ ಹೋಗುವ ಪಟ್ಟಿಯೇ ಇದು. ಬ್ರೇಕ್ ಪ್ಲೇಟಿನ ಕಡೆಯ ಸ್ಪ್ಲಿಟ್ ಪಿನ್ ತೆಗೆದು, ನಟ್ ಬಿಚ್ಚಿ, ಪಟ್ಟಿಯನ್ನು ಬಿಡಿಸಿ.

ಈಗ ಆಕ್ಸಲ್ ನಟ್. ಹಲವು ಗಾಡಿಗಳಲ್ಲಿ ಚೈನಿನ ಕಡೆ ಎರಡು ನಟ್ ಇರುತ್ತವೆ: ಒಂದು ಆಕ್ಸಲಿನದು, ಅದರ ಒಳಗಡೆ ಇನ್ನೊಂದು ದೊಡ್ಡದು. ದೊಡ್ಡದು ಸ್ಪ್ರಾಕೆಟ್ ಹಿಡಿದಿರುವ ನಟ್. ಪಂಕ್ಚರಿಗಾಗಿ ಬಿಚ್ಚುವವರು ಅದನ್ನು ಮುಟ್ಟಬೇಡಿ. ಅದನ್ನೂ ಚೈನ್ ಬಿಗಿ ಮಾಡುವ ನಟ್ಟುಗಳನ್ನೂ ಇದ್ದಂತೆಯೇ ಬಿಟ್ಟರೆ ಚೈನು, ಸ್ಪ್ರಾಕೆಟ್ ಗಾಡಿಯಲ್ಲೇ ಉಳಿಯುತ್ತವೆ, ಅರ್ಧ ಕೆಲಸ ಉಳಿಯಿತು.

ನಟ್ ತೆಗೆದು, ಆಕ್ಸಲನ್ನು ಇನ್ನೊಂದು ಕಡೆಯಿಂದ ತಿರುಗಿಸುತ್ತ ಎಳೆಯಿರಿ. ಬರದಿದ್ದರೆ ಮರದ ತುಂಡಿಟ್ಟು ತಟ್ಟಿ. ನೇರ ಸುತ್ತಿಗೆಯಿಂದ ಹೊಡೆದರೆ ಮರೆ ಕೆಡುತ್ತದೆ. ಆಕ್ಸಲ್ ಬರುತ್ತಿದ್ದಂತೆ ಬ್ರೇಕಿನ ಕಡೆಯ ಬುಷ್ ಕೆಳಗೆ ಬೀಳುತ್ತದೆ, ಎತ್ತಿಡಿ. ಚಕ್ರವನ್ನು ಬಲಕ್ಕೆ ಎಳೆದರೆ ಸ್ಪ್ರಾಕೆಟ್ ಕಡೆಯ ರಬ್ಬರುಗಳಿಂದ ಬಿಡಿಸಿಕೊಳ್ಳುತ್ತದೆ. ಬ್ರೇಕ್ ಪ್ಲೇಟ್ ತೆಗೆದು, ಗಾಡಿಯನ್ನು ತುಸು ಒರಗಿಸಿ ಚಕ್ರ ಹೊರತೆಗೆಯಿರಿ. ಬಿಚ್ಚಿದ್ದನ್ನೆಲ್ಲ ಗೋಣಿಚೀಲದ ಮೇಲೆ ಬಿಚ್ಚಿದ ಸಾಲಿನಲ್ಲೇ ಇಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಜೋಡಿಸುವಾಗ ಅನುಮಾನ ಬರುವುದಿಲ್ಲ.

ಚಕ್ರ ಕೈಯಲ್ಲಿರುವಾಗ

ಬ್ರೇಕ್ ಲೈನರ್ ನೋಡಲು ಇದೇ ಸಮಯ. 2 ಮಿ.ಮೀ.ಗೆ ಇಳಿದಿದ್ದರೆ ಬ್ರೇಕ್ ಶೂ ಬದಲಿಸಿ. ಒಳಗಿನ ದೂಳನ್ನು ಬಾಯಿಂದ ಊದಬೇಡಿ, ಪಂಪಿನಿಂದಲೂ ಊದಬೇಡಿ; ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆ ಬಿಸಾಕಿ. ಲೈನರಿಗೂ ಡ್ರಮ್ಮಿಗೂ ಗ್ರೀಸ್ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಬೇರಿಂಗಿನೊಳಗೆ ಬೆರಳಿಟ್ಟು ತಿರುಗಿಸಿ, ಕರಕರ ಎಂದರೆ ಅದನ್ನೂ ಬದಲಿಸುವ ಕಾಲ ಬಂದಿದೆ. ರಬ್ಬರುಗಳು ಪುಡಿಯಾಗಿದ್ದರೆ ಗಾಡಿ ಜಗ್ಗಿ ಜಗ್ಗಿ ಓಡುತ್ತದೆ. ಇವುಗಳ ಬೆಲೆ ಹೆಚ್ಚೇನಲ್ಲ.

ಕೂರಿಸುವಾಗ

ಬಿಚ್ಚಿದ್ದಕ್ಕೆ ತಿರುಗುಮುರುಗಾಗಿ ಜೋಡಿಸುತ್ತ ಬನ್ನಿ. ಆಕ್ಸಲಿಗೆ ತೆಳುವಾಗಿ ಗ್ರೀಸ್ ಸವರಿ. ಬುಷ್ ಮರೆತರೆ ಚಕ್ರ ಒಂದು ಕಡೆಗೆ ಸರಿಯುತ್ತದೆ.

ಟಾರ್ಕ್ ರಾಡ್ ವಿಷಯ ಮಾತ್ರ ಎರಡು ಸಲ ಓದಿಕೊಳ್ಳಿ. ಬ್ರೇಕ್ ಒತ್ತಿದಾಗ ಬ್ರೇಕ್ ಪ್ಲೇಟ್ ಚಕ್ರದ ಜೊತೆಗೇ ಸುತ್ತಲು ಹೋಗುತ್ತದೆ. ಅದನ್ನು ತಡೆಹಿಡಿಯುವುದು ಈ ಪಟ್ಟಿಯೊಂದೇ. ಇದನ್ನು ಹಾಕದೆ ಬಿಟ್ಟರೂ ಗಾಡಿ ಚೆನ್ನಾಗಿಯೇ ಓಡುತ್ತದೆ, ಅದೇ ಅಪಾಯ. ಮೊದಲ ಸಲ ಜೋರಾಗಿ ಬ್ರೇಕ್ ಒತ್ತಿದಾಗ ಪ್ಲೇಟ್ ಗಿರಕಿ ಹೊಡೆದು ಬ್ರೇಕ್ ರಾಡ್ ಸೊಟ್ಟಾಗಿ, ಬ್ರೇಕ್ ಇಲ್ಲವಾಗಬಹುದು ಅಥವಾ ಚಕ್ರವೇ ಸಿಕ್ಕಿಕೊಳ್ಳಬಹುದು. ನಲವತ್ತು ಲೀಟರ್ ಹಾಲು ಹೊತ್ತು ಇಳಿಜಾರಿನಲ್ಲಿ ಹೋಗುವವನ ಗತಿ ಊಹಿಸಿ. ಬೋಲ್ಟ್ ಹಾಕಿ, ನಟ್ ಬಿಗಿದು, ಹೊಸ ಸ್ಪ್ಲಿಟ್ ಪಿನ್ ತೂರಿಸಿ ಅದರ ಕಾಲುಗಳನ್ನು ಅಗಲಿಸಿ ಮಡಚಿ. ಹಳೇ ಪಿನ್ ಮತ್ತೆ ಬಗ್ಗಿಸಿದರೆ ಮುರಿಯುತ್ತದೆ, ತಂತಿ ಕಟ್ಟುವುದಂತೂ ಬೇಡವೇ ಬೇಡ.

ಆಕ್ಸಲ್ ನಟ್ ಬಿಗಿದ ಮೇಲೆ ಚೈನಿನ ಕೆಳಸಾಲನ್ನು ನಡುವೆ ಮೇಲೆ ಕೆಳಗೆ ಆಡಿಸಿ ನೋಡಿ. ಸುಮಾರು ಒಂದು ಇಂಚು ಆಟ ಇರಬೇಕು; ನಿಖರ ಅಳತೆ ಗಾಡಿಯ ಪುಸ್ತಕದಲ್ಲಿದೆ. ಬ್ರೇಕ್ ಪೆಡಲಿಗೂ ಹೆಚ್ಚುಕಡಿಮೆ ಅಷ್ಟೇ ಆಟ ಬರುವಂತೆ ರಾಡಿನ ನಟ್ ತಿರುಗಿಸಿ. ಚಕ್ರವನ್ನು ಕೈಯಿಂದ ತಿರುಗಿಸಿದರೆ ಸಲೀಸಾಗಿ ಸುತ್ತಬೇಕು, ಪೆಡಲ್ ಒತ್ತಿದರೆ ತಕ್ಷಣ ನಿಲ್ಲಬೇಕು. 2019ರ ಏಪ್ರಿಲ್ ನಂತರ ತಯಾರಾದ 125 ಸಿಸಿವರೆಗಿನ ಗಾಡಿಗಳಲ್ಲಿ ಹಿಂದಿನ ಪೆಡಲ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುವ ಸಿಬಿಎಸ್ ವ್ಯವಸ್ಥೆ ಸಾಮಾನ್ಯ; ಅದರ ಕೇಬಲನ್ನು ನೀವಾಗಿ ತಿರುಚಬೇಡಿ.

ಮೊದಲ ಸವಾರಿ ಖಾಲಿ ಗಾಡಿಯಲ್ಲಿ, ನಿಧಾನವಾಗಿ, ಎರಡು ಮೂರು ಸಲ ಬ್ರೇಕ್ ಹಾಕಿ ನೋಡುತ್ತ. ಮನೆಗೆ ಬಂದು ನಟ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ. ಮೊದಲ ಬಾರಿಗೆ ಈ ಕೆಲಸ ಮಾಡಿದವರು ಪರಿಚಯದ ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿದ ಮೇಲೆಯೇ ಕ್ಯಾನ್ ಹೇರಿ.

ಇನ್ನೊಂದು ಮಾತು. ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಗ್ರೀಸ್ ಬಟ್ಟೆ, ಸೀಮೆಎಣ್ಣೆ ಡಬ್ಬಿಗಳನ್ನು ಕ್ಯಾನಿನಿಂದಲೂ ಕೊಟ್ಟಿಗೆಯಿಂದಲೂ ದೂರವಿಡಿ. ಸಂಜೆ ಹಾಲು ಕರೆಯುವ ಮೊದಲು ಕೈಯನ್ನು ಸೋಪು ಹಚ್ಚಿ, ಉಗುರಿನ ಸಂದಿಯ ಕಪ್ಪು ಹೋಗುವಂತೆ ಉಜ್ಜಿ ತೊಳೆಯಿರಿ.