ನೆಲದಡಿಯ ನೀರು ತೋರಿಸಲು ಓಡುವ ಚಿತ್ರ

ನೀರಿಂಗಿಸುವ ಕೆಲಸದ ವಿಡಿಯೊ ಈಗ ಊರೂರಲ್ಲಿ ಮಾಡ್ತಾರೆ. ತುಂಬಿದ ಚೆಕ್‌ಡ್ಯಾಂ, ಹಾರ ಹಾಕಿದ ಬೋರ್ಡು, ಮೇಲೊಂದು ಭಾಷಣ. ಇಂಗಿದ ನೀರು ಎಲ್ಲಿಗೆ ಹೋಯ್ತು, ಕೆಳಗಿನ ಹಳ್ಳ ಯಾಕೆ ಹರೀತು ಅನ್ನೋದು ಅದರಲ್ಲಿ ಕಾಣೋದಿಲ್ಲ. ಕ್ಯಾಮರಾ ನೆಲದೊಳಗೆ ಇಳಿಯೋದಿಲ್ಲವಲ್ಲ! ಒಣಗಿದ ನದಿ ಮತ್ತೆ ಹರಿದ ಕಥೆ ಹೇಳಲು ಕೈಯಲ್ಲಿ ಬರೆದು ಓಡಿಸುವ ಚಿತ್ರವೇ, ಅಂದರೆ ಅನಿಮೇಷನ್ನೇ ಸರಿ. ಮೊಬೈಲು, ದಪ್ಪ ಕಾಗದ, ಕತ್ತರಿ, ಚಿತ್ರ ಬರೆಯುವ ಇಬ್ಬರು ಶಾಲಾಮಕ್ಕಳು ಇದ್ದರೆ ಸಾಕು. ನಾವು ಮಾಡುತ್ತಿರುವ ಕ್ರಮ ಇಲ್ಲಿದೆ.

ಕಥೆಗೆ ಆರಿಸಿಕೊಂಡದ್ದು ರಾಜಸ್ಥಾನದ ಅಲ್ವರ್ ಜಿಲ್ಲೆಯ ಅರ್ವರಿ ನದಿ. ಮಳೆಗಾಲ ಕಳೆದರೆ ಒಣಗುತ್ತಿದ್ದ ಹೊಳೆ. 1980ರ ದಶಕದಲ್ಲಿ ರಾಜೇಂದ್ರ ಸಿಂಗ್ ಅವರ ತರುಣ್ ಭಾರತ್ ಸಂಘದ ಜೊತೆ ಸೇರಿ ಹಳ್ಳಿಯವರು ಜೋಹಡ್ ಕಟ್ಟತೊಡಗಿದರು. ಜೋಹಡ್ ಅಂದರೆ ಇಳಿಜಾರಿಗೆ ಅಡ್ಡಲಾಗಿ ಹಾಕುವ ಮಣ್ಣಿನ ಏರಿ. ನಮ್ಮ ಗೋಕಟ್ಟೆಯ ನೆಂಟ ಅನ್ನಿ. ಹೊಳೆಯ ಮೇಲ್ಭಾಗದ ಗುಡ್ಡಗಳಲ್ಲಿ ಇಂಥ ನೂರಾರು ಏರಿಗಳಾದವು. ಬಾವಿಗಳಲ್ಲಿ ನೀರು ಮೇಲೆ ಬಂತು. 1990ರ ದಶಕದ ನಡುವಿನ ಹೊತ್ತಿಗೆ ಹೊಳೆ ವರ್ಷವಿಡೀ ಹರಿಯಿತು. ಹಾಗಾಗಿ ನಮ್ಮ ಚಿತ್ರದಲ್ಲೂ ಮೊದಲು ಗುಡ್ಡ, ನದಿ ಕೊನೆಗೆ.

ಕಲ್ಲಂಗಡಿ ಕೊಯ್ದಂತೆ ಗುಡ್ಡವನ್ನು ಸೀಳಿ ಬರೆಯಬೇಕು. ಮೇಲೆ ಮಣ್ಣು, ಅದರಡಿ ಗರಸು, ಕೆಳಗೆ ಬಿರುಕು ಬಂಡೆ, ಒಂದು ಬದಿ ಬಾವಿ, ತಗ್ಗಿನಲ್ಲಿ ಹಳ್ಳ. ನೀರಿಗೆ ನೀಲಿ ಕಾಗದದ ಚೂರು. ಚೂರನ್ನು ಸ್ವಲ್ಪ ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು. ಏರಿ ಇಲ್ಲದ ಗುಡ್ಡದಲ್ಲಿ ಒಂದು ಫೋಟೊದಿಂದ ಇನ್ನೊಂದಕ್ಕೆ ಅಂಗುಲದಷ್ಟು ಸರಿಸಿ, ನೀರು ಓಡುತ್ತದೆ. ಏರಿ ಕಟ್ಟಿದ ಮೇಲೆ ರಾಗಿಕಾಳಿನಷ್ಟು ಮಾತ್ರ ಸರಿಸಿ, ಇಂಗುತ್ತದೆ. ಓಡಲು 2 ಸೆಕೆಂಡು ಕೊಟ್ಟರೆ ಇಂಗಲು 20 ಕೊಡಿ. ನೋಡುವವರಿಗೆ ಬೇಜಾರಾಗುತ್ತೆ ಅಂತ ಮಕ್ಕಳು ಇದನ್ನು ಕತ್ತರಿಸಲು ಹೊರಡುತ್ತಾರೆ. ಬಿಡಬೇಡಿ.

ಸೆಕೆಂಡಿಗೆ 12 ಫೋಟೊ ಲೆಕ್ಕ. ನಿಮಿಷಕ್ಕೆ 720 ಆಯ್ತು. ಕೆನಡಾದ ಫ್ರೆಡೆರಿಕ್ ಬ್ಯಾಕ್ 1987ರಲ್ಲಿ ಮುಗಿಸಿದ ಮರ ನೆಡುವವನ ಚಿತ್ರ ಅರ್ಧ ಗಂಟೆಯದು. ಅದಕ್ಕೆ ಸಾವಿರಾರು ಚಿತ್ರ, ವರ್ಷಗಟ್ಟಲೆ ದುಡಿಮೆ. ಅದರಲ್ಲೂ ಕಾಡು ಬೆಳೆದ ಮೇಲೆ ಒಣ ತೊರೆಗೆ ನೀರು ಬರುತ್ತದೆ. ನಮಗೆ ಮೂರು ನಿಮಿಷ ಸಾಕು. ಮಾತನ್ನು ಮೊದಲೇ ರೆಕಾರ್ಡ್ ಮಾಡಿ, ಸೆಕೆಂಡು ಎಣಿಸಿ, ಆಮೇಲೆ ಫೋಟೊ ತೆಗೆಯಿರಿ.

ಎರಡು ಸ್ಟೂಲಿನ ಮೇಲೆ ತೂತಿನ ಹಲಗೆ ಇಟ್ಟು ಮೊಬೈಲನ್ನು ಕೆಳಮುಖವಾಗಿ ಮಲಗಿಸಿ. ಕಿಟಕಿ ಮುಚ್ಚಿ ಬಲ್ಬು ಹಾಕಿ. ಬಿಸಿಲು ನಂಬಿದರೆ ಹೊತ್ತು ಸರಿದಂತೆ ಚಿತ್ರ ಮಿಣುಕುತ್ತದೆ. ಕರೆಂಟು ಹೋದರೆ ಏನನ್ನೂ ಮುಟ್ಟದೆ ಎದ್ದು ಬನ್ನಿ.

ಹೊಳೆ ಹರಿಯಿತು ಎಂದು ಅಲ್ಲಿಗೇ ನಿಲ್ಲಿಸಿದರೆ ಕಥೆ ಅರ್ಧ ಸುಳ್ಳು. ಅರ್ವರಿಯ ಹಳ್ಳಿಗಳವರು 1999ರಲ್ಲಿ ‘ಅರ್ವರಿ ಸಂಸದ್’ ಎಂಬ ಕೂಟ ಕಟ್ಟಿಕೊಂಡು ಹೆಚ್ಚು ನೀರು ಕುಡಿಯುವ ಬೆಳೆಗಳಿಗೆ ಕಡಿವಾಣ ಹಾಕಿಕೊಂಡರು. ಇದಕ್ಕಾಗಿ ಅದೇ ಗುಡ್ಡದ ಚಿತ್ರಕ್ಕೆ ಬೋರ್‌ವೆಲ್ ಬರೆದು, ಅದು ಒಂದು ಚೂರು ಎಳೆದಾಗಲೆಲ್ಲ ಹಳ್ಳದಿಂದ ಒಂದು ಚೂರು ತೆಗೆಯುತ್ತೇವೆ. ಬರೆದಿಟ್ಟ ಚಿತ್ರ ನೋಡಿಯೇ ನಮ್ಮೂರಲ್ಲಿ ನಾಲ್ಕು ಬೋರ್ ಇರೋರೊಬ್ಬರು ‘ಇದು ಬೇಕಾ?’ ಅಂದರು. ಆ ಭಾಗ 25 ಸೆಕೆಂಡಿನದು, 300 ಫೋಟೊ. ಹಿಂಗಾರಿ ಬಿತ್ತನೆ ಮುಗಿದ ಕೂಡಲೇ ಶುರು ಮಾಡುತ್ತೇವೆ.