ಮೂತ್ರಪಿಂಡ ರೋಗಿಗಳ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಯ ಹೊಣೆ

1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ಈಥರ್ ಆವಿಯಿಂದ ರೋಗಿಯೊಬ್ಬನ ಅರಿವಳಿಸಿ, ಅವನ ಕತ್ತಿನ ಗಡ್ಡೆಯ ಶಸ್ತ್ರಕ್ರಿಯೆಗೆ ಅನುವು ಮಾಡಿಕೊಟ್ಟನು. ನೋವನ್ನು ಮರೆಸುವುದೇ ಅಂದಿನ ಗುರಿಯಾಗಿದ್ದಿತು. ಇಂದಿನ ಅರಿವಳಿಕೆ ತಜ್ಞರ ಹೊಣೆಯಾದರೋ ಅದಕ್ಕಿಂತ ಬಹು ವಿಶಾಲವಾದುದು. ಮೂತ್ರಪಿಂಡಗಳು ದುರ್ಬಲವಾಗಿರುವ ಕ್ಯಾನ್ಸರ್ ರೋಗಿಯಲ್ಲಿ ಈ ಮಾತು ಸ್ಪಷ್ಟವಾಗಿ ವೇದ್ಯವಾಗುತ್ತದೆ.

ಆರೋಗ್ಯವಂತನ ಮೂತ್ರಪಿಂಡಗಳು ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಪಡೆದು, ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಕಲ್ಮಷ, ಹೆಚ್ಚಿನ ಪೊಟ್ಯಾಸಿಯಂ ಹಾಗೂ ಅನೇಕ ಔಷಧಗಳು ಹೊರಹೋಗುವುದು ಈ ದಾರಿಯಿಂದಲೇ. ಕ್ಯಾನ್ಸರ್ ಈ ದಾರಿಗೆ ಎರಡು ಬಗೆಯಲ್ಲಿ ಅಡ್ಡಿಯಾಗಬಲ್ಲುದು. ಗರ್ಭಕೊರಳಿನ ಗಡ್ಡೆಯು ಮೂತ್ರನಾಳಗಳನ್ನು ಒತ್ತಿ ಮುಚ್ಚಬಹುದು. ಗಡ್ಡೆಯನ್ನು ಕುಗ್ಗಿಸಲು ಕೊಡುವ ಸಿಸ್‌ಪ್ಲಾಟಿನ್ ಔಷಧವೇ ಮೂತ್ರಪಿಂಡಕ್ಕೆ ಹಾನಿ ತರಬಹುದು.

ಆದುದರಿಂದ ಔಷಧವನ್ನು ಆರಿಸುವಾಗ, ಅದು ದೇಹವನ್ನು ಹೇಗೆ ಬಿಟ್ಟುಹೋಗುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು. ಸ್ನಾಯುಗಳನ್ನು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ರಕ್ತದ ಪೊಟ್ಯಾಸಿಯಂ ಪ್ರಮಾಣವನ್ನು ಲೀಟರಿಗೆ ಸುಮಾರು 0.5 ಮಿಲಿಈಕ್ವಿವಲೆಂಟಿನಷ್ಟು ಏರಿಸುತ್ತದೆ. ಆ ಪ್ರಮಾಣವು ಮೊದಲೇ ಹೆಚ್ಚಾಗಿದ್ದವರಲ್ಲಿ ಹೃದಯದ ಬಡಿತವೇ ಕೆಡಬಹುದು. ಮಾರ್ಫಿನ್ ಯಕೃತ್ತಿನಲ್ಲಿ ಮಾರ್ಪಟ್ಟರೂ ಅದರಿಂದ ಹುಟ್ಟುವ ಪ್ರಬಲ ಅಂಶವು ರಕ್ತದಲ್ಲಿ ಉಳಿದು, ಶಸ್ತ್ರಕ್ರಿಯೆ ಮುಗಿದ ಎಷ್ಟೋ ಹೊತ್ತಿನ ಮೇಲೆ ಉಸಿರಾಟವನ್ನು ಕುಗ್ಗಿಸಬಲ್ಲುದು. ಅದರ ಬದಲು ಫೆಂಟನಿಲ್ ಬಳಸುವುದು ವಾಡಿಕೆ. ಗ್ಲ್ಯಾಸ್ಗೋದ ಸ್ಟ್ರ್ಯಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ ಸಿದ್ಧವಾದ ಅಟ್ರಾಕ್ಯೂರಿಯಂ ಮೂತ್ರಪಿಂಡವನ್ನು ಅವಲಂಬಿಸದೆ ರಕ್ತದಲ್ಲಿಯೇ ಒಡೆದುಹೋಗುವುದರಿಂದ ಇಂಥವರಿಗೆ ವರವಾಗಿ ಪರಿಣಮಿಸಿತು.

ಎರಡನೆಯದು ರಕ್ತದ ಹರಿವಿನ ರಕ್ಷಣೆ. ದೀರ್ಘ ಶಸ್ತ್ರಕ್ರಿಯೆಯಲ್ಲಿ ರಕ್ತ ನಷ್ಟವಾಗಿ ಒತ್ತಡವು ಕುಸಿದರೆ, ಮೂತ್ರಪಿಂಡದಲ್ಲಿ ಉಳಿದಿರುವ ಅಲ್ಪ ಶಕ್ತಿಯೂ ನಂದಬಹುದು. ಸರಾಸರಿ ರಕ್ತದೊತ್ತಡವು 65 ಮಿಲಿಮೀಟರಿಗಿಂತ ಕೆಳಗಿಳಿಯದಂತೆ, ಮೊದಲೇ ರಕ್ತದೊತ್ತಡವುಳ್ಳವರಲ್ಲಿ ಇನ್ನೂ ತುಸು ಮೇಲೆಯೇ, ಕಾಯಬೇಕಾಗುತ್ತದೆ. ದ್ರವವನ್ನು ಕಡಿಮೆ ಕೊಟ್ಟರೆ ಮೂತ್ರಪಿಂಡವು ಬಾಡುತ್ತದೆ. ಅತಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಡಯಾಲಿಸಿಸ್ ಪಡೆಯುವವರಿಗೆ ಸಾಮಾನ್ಯವಾಗಿ ಹಿಂದಿನ ದಿನವೇ ಅದನ್ನು ಮುಗಿಸಿ, ಫಿಸ್ಟುಲಾ ಇರುವ ತೋಳಿಗೆ ಸೂಜಿಯನ್ನಾಗಲಿ ಒತ್ತಡಮಾಪಕದ ಪಟ್ಟಿಯನ್ನಾಗಲಿ ತಾಗಿಸದೆ ಕಾಪಾಡುತ್ತಾರೆ.

ಇಲ್ಲಿ ರೋಗಿಯ ಮನೆಯವರ ಹೊಣೆಯೂ ಉಂಟು. ಶಸ್ತ್ರಕ್ರಿಯೆಯನ್ನು ಎಲ್ಲಿ ನಿರಾಕರಿಸುವರೋ ಎಂಬ ಅಂಜಿಕೆಯಿಂದ ಹಳೆಯ ಮೂತ್ರಪಿಂಡ ರೋಗವನ್ನು ಮುಚ್ಚಿಡುವುದು ಸಲ್ಲದು. ಅಂಗಡಿಯಿಂದ ತಾವೇ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕುಗ್ಗಿಸುತ್ತವೆ; ಅವನ್ನೂ ತಜ್ಞರಿಗೆ ತಿಳಿಸತಕ್ಕದ್ದು. ಮೂತ್ರಪಿಂಡದ ರೋಗವಿದೆಯೆಂಬ ಮಾತ್ರಕ್ಕೆ ಕ್ಯಾನ್ಸರ್ ಚಿಕಿತ್ಸೆಯ ಬಾಗಿಲು ಮುಚ್ಚುವುದಿಲ್ಲ. ಆದರೆ ಮುಚ್ಚಿಟ್ಟ ರೋಗಕ್ಕೆ ಮುನ್ನೆಚ್ಚರಿಕೆ ವಹಿಸುವುದು ಯಾವ ತಜ್ಞನಿಗೂ ಸಾಧ್ಯವಿಲ್ಲ.