ಪಿಡಿಎಫ್ ಕಳಿಸುವ ಮುನ್ನ

ಹೊಸ ಕನ್ನಡ ಪುಸ್ತಕದ ಪಿಡಿಎಫನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವವರ ಉದ್ದೇಶ ಬಹುಪಾಲು ಒಳ್ಳೆಯದೇ: ನಾಲ್ಕು ಜನ ಓದಲಿ. ಆದರೆ ಲೆಕ್ಕವನ್ನೂ ನೋಡಿ. ಕನ್ನಡದ ಕಥಾಸಂಕಲನವೊಂದರ ಮೊದಲ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿ ದಾಟುವುದಿಲ್ಲ. 200 ರೂಪಾಯಿಯ ಪುಸ್ತಕಕ್ಕೆ ಶೇ 10ರಷ್ಟು ರಾಯಧನ ಸಿಕ್ಕರೆ, ಲೇಖಕರ ಪಾಲು ಪ್ರತಿಗೆ 20 ರೂಪಾಯಿ. ಇಷ್ಟು ಸಣ್ಣ ಮಾರುಕಟ್ಟೆಯಲ್ಲಿ ನೂರು ಪ್ರತಿ ಮಾರಾಟವಾಗದೆ ಉಳಿದರೂ ಸಣ್ಣ ಪ್ರಕಾಶಕರು ಮುಂದಿನ ಪುಸ್ತಕಕ್ಕೆ ಹಿಂದೇಟು ಹಾಕುತ್ತಾರೆ.

‘ಪಿಡಿಎಫ್ ಓದುವವರು ಹೇಗೂ ಕೊಳ್ಳುತ್ತಿರಲಿಲ್ಲ’ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಕೊಳ್ಳಬಹುದಾಗಿದ್ದವರೂ ಅದೇ ಗುಂಪಿನಲ್ಲಿರುತ್ತಾರೆ. ‘ಪುಸ್ತಕ ಎಲ್ಲೂ ಸಿಗುವುದಿಲ್ಲ’ ಎಂಬ ದೂರು ಇನ್ನೂ ಗಟ್ಟಿಯಾದದ್ದು. ಮರುಮುದ್ರಣ ಕಾಣದ ಕೃತಿಗಳು ಬೇಕಾದಷ್ಟಿವೆ. ಅದಕ್ಕೂ ನ್ಯಾಯವಾದ ದಾರಿಯಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಕಳೆದರೆ, ಅವರ ಕಾಲದಲ್ಲೇ ಪ್ರಕಟವಾದ ಕೃತಿ ಎಲ್ಲರ ಸ್ವತ್ತು. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಅಂಥ ಪುಸ್ತಕಗಳನ್ನು ಧಾರಾಳವಾಗಿ ಹಂಚಿ. 1994ರಲ್ಲಿ ಅಗಲಿದ ಕುವೆಂಪು ಅವರ ಕೃತಿಗಳಿಗೆ 2054ರವರೆಗೂ ಹಕ್ಕುದಾರರಿದ್ದಾರೆ. ಅಂಥವಕ್ಕೆ ಗ್ರಂಥಾಲಯವಿದೆ, ಇ-ಪುಸ್ತಕವಿದೆ. ಪ್ರಕಾಶಕರಿಗೆ ಫೋನ್ ಮಾಡಿ ಮರುಮುದ್ರಣ ಕೇಳಬಹುದು. ಹಕ್ಕು ಯಾರದೆಂದು ಗೊತ್ತಿಲ್ಲದಿದ್ದರೆ ಫೈಲು ಕಳಿಸಬೇಡಿ. ಪುಸ್ತಕ ಸಿಗುವ ಅಂಗಡಿಯ ವಿಳಾಸ ಕಳಿಸಿ.